ಮೂಲೆಮಾತು

ಅಧ್ಯಕ್ಷತೆ ವಹಿಸಿರುವ ವಿಭಾಗದ ಮುಖ್ಯಸ್ಥರೇ, ನನ್ನ ಮಗಳ ಸಂಶೋಧನೆಗೆ ಮೊದಲು ‘ಆಗುವುದಿಲ್ಲ’ ಎಂದು ಆಮೇಲೆ ‘ಆಗಲಿ’ ಎಂದ ಪರೀಕ್ಷಕರೇ, ಮುಂದಿನ ಸಾಲನ್ನು ಪೂರ್ತಿ ಆಕ್ರಮಿಸಿಕೊಂಡಿರುವ ಲಾಂಡ್ರಿಯ ಅಕ್ಕಂದಿರೇ, ಈ ಮುದುಕ ಯಾವಾಗ ಮುಗಿಸುತ್ತಾನೆ, ಸಿನಿಮಾ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಿರುವ ವಿದ್ಯಾರ್ಥಿಗಳೇ, ಮತ್ತು ಎಲ್ಲ ಸಭಿಕರೇ,

ಮೈಕಿನ ಮುಂದೆ ನಿಲ್ಲುವುದು ನನಗೆ ಹೊಸದು. ಮೈಕಿನ ಮುಂದೆ ನಿಂತವರನ್ನು ಸೆರೆಹಿಡಿಯುವುದು ನನ್ನ ಕಸುಬು. ಈ ಊರಿನ ಮದುವೆಗಳಲ್ಲಿ ಅರ್ಧಕ್ಕರ್ಧ ನನ್ನ ಕ್ಯಾಮೆರಾದ ಮುಂದೆಯೇ ನಡೆದಿವೆ. ನಿಮ್ಮಲ್ಲಿ ಅನೇಕರು ನನ್ನನ್ನು ‘ವೀಡಿಯೋದವರು’ ಎಂದೇ ಕರೆಯುತ್ತೀರಿ. ನಿಮ್ಮ ಮಾವನವರು ಬಾಯಿತುಂಬ ಲಾಡು ತುಂಬಿಕೊಂಡು ಕೂತದ್ದೂ, ನಿಮ್ಮ ಚಿಕ್ಕಮ್ಮ ಮುನಿಸಿಕೊಂಡು ಕುರ್ಚಿ ತಿರುಗಿಸಿ ಕೂತದ್ದೂ ನನ್ನ ಹತ್ತಿರ ಭದ್ರವಾಗಿದೆ. ಹೆದರಬೇಡಿ, ಇವತ್ತು ತೋರಿಸುವುದು ಅದನ್ನಲ್ಲ.

ಇವತ್ತು ನನ್ನ ಮಗಳಿಗೆ ಸನ್ಮಾನ. ನನ್ನ ಮಗಳು ಡಾಕ್ಟರು. ಸೂಜಿ ಚುಚ್ಚುವ ಡಾಕ್ಟರಲ್ಲ ಎಂದು ಎದುರುಮನೆಯವರಿಗೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಅವರು ಮೊನ್ನೆಯೂ ಮಂಡಿನೋವಿಗೆ ಮದ್ದು ಕೇಳಿಕೊಂಡು ಬಂದಿದ್ದರು. ಪುಸ್ತಕ ಬರೆದು ಡಾಕ್ಟರಾದವರು ಈ ವಿಭಾಗದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಪುಸ್ತಕದ ಪಕ್ಕದಲ್ಲಿ ಒಂದು ಸಿನಿಮಾ ಇಟ್ಟು, ‘ಇದೂ ನನ್ನ ಸಂಶೋಧನೆಯೇ, ಇದನ್ನೂ ಪರೀಕ್ಷೆ ಮಾಡಿ’ ಎಂದವರು ಯಾರಿದ್ದಾರೆ? ಇವಳೊಬ್ಬಳೇ. ಹೇಳುವಾಗ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ. ಮಗಳ ವಿಷಯದಲ್ಲಿ ಜಂಬ ಪಡದ ಅಪ್ಪ ಮತ್ತೆ ಯಾವುದಕ್ಕೆ ಪಡಬೇಕು?

ಸಿನಿಮಾ ಯಾವುದರ ಬಗ್ಗೆ? ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿ. ಅಲ್ಲಿ ಬೆಡ್‌ಶೀಟು ಮಡಚುವ ಹೆಂಗಸರು. ಉದ್ದನೆಯ ಕೋಣೆ, ಒಂದು ಗೋಡೆಗೆ ಯಂತ್ರಗಳು, ಇನ್ನೊಂದಕ್ಕೆ ಬಟ್ಟೆ ತುಂಬಿದ ತಳ್ಳುಗಾಡಿಗಳು, ನಡುವೆ ಉಗಿ. ಆ ಗದ್ದಲದಲ್ಲಿ ಅರಚಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಬೆಡ್‌ಶೀಟನ್ನು ಆಚೆ ಒಬ್ಬರು, ಈಚೆ ಒಬ್ಬರು ಹಿಡಿದು, ಬಿಗಿಯಾಗಿ ಎಳೆದು, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಹಾಗೆ ಸೇರುವಾಗ ಮಾತ್ರ ಒಬ್ಬರ ಬಾಯಿ ಇನ್ನೊಬ್ಬರ ಕಿವಿಯ ಹತ್ತಿರ ಬರುತ್ತದೆ. ಆಗ ಒಂದು ಮಾತು. ಮತ್ತೆ ದೂರ. ಮುಂದಿನ ಮಾತು ಮುಂದಿನ ಮಡಿಕೆಗೆ. ಅಕ್ಕಂದಿರು ಇದಕ್ಕೆ ‘ಮೂಲೆಮಾತು’ ಎನ್ನುತ್ತಾರೆ. ಅತ್ತೆಯ ಕಾಟ, ಹೊಟ್ಟೆನೋವು, ಯಾರು ಯಾರ ಜೊತೆ ಓಡಿಹೋದರು, ಎಲ್ಲವೂ ಹೀಗೆ ತುಂಡು ತುಂಡಾಗಿ. ಸೋಮವಾರ ಹಿಡಿದ ಕಥೆ ಗುರುವಾರ ಮುಗಿದರೆ ಬೇಗ ಮುಗಿಯಿತು ಎಂದರ್ಥ.

ಕ್ಯಾಮೆರಾ ಒಯ್ಯುವ ಮೊದಲು ನನ್ನ ಮಗಳು ಅಲ್ಲಿ ಎಷ್ಟೋ ತಿಂಗಳು ಬರೀ ಬೆಡ್‌ಶೀಟು ಮಡಚಿದಳು. “ಸಿನಿಮಾ ತೆಗೀತೀನಿ ಅಂತ ಹೋದವಳು ಬಟ್ಟೆ ಮಡಚ್ತಾ ಇದ್ದೀಯಲ್ಲ?” ಎಂದೆ. “ಅಪ್ಪ, ನಿಮ್ಮ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ಅವರು ನನಗೆ ಪೋಸು ಕೊಡ್ತಾರೆ, ಮಾತು ಕೊಡಲ್ಲ” ಎಂದಳು. ನನ್ನ ಇಡೀ ಜೀವಮಾನದ ದುಡಿಮೆಯನ್ನು ಒಂದೇ ವಾಕ್ಯದಲ್ಲಿ ಮಡಚಿಟ್ಟಳು.

ಚಿತ್ರೀಕರಣದ ಹೊತ್ತಿಗೆ ಅವಳು ಗೊತ್ತುಮಾಡಿದ್ದ ಕ್ಯಾಮೆರಾದವನು ಕೈಕೊಟ್ಟ. ಮನೆಯಲ್ಲೇ ಒಬ್ಬ ಇದ್ದನಲ್ಲ! ಕರೆದುಕೊಂಡು ಹೋದಳು. ಆದರೆ ಕಟ್ಟಪ್ಪಣೆ: ಯಾರಿಗೂ ಹೀಗೆ ನಿಲ್ಲಿ ಎನ್ನಬಾರದು, ಇನ್ನೊಮ್ಮೆ ಮಾಡಿ ಎನ್ನಬಾರದು. “ನೀವು ಅಲ್ಲಿ ಒಂದು ಕಂಬ ಅಂದ್ಕೊಳ್ಳಿ ಅಪ್ಪ.” ಸಭಿಕರೇ, ಕೆಲವು ದಿನ ನಾನು ಬಹಳ ಒಳ್ಳೆಯ ಕಂಬವಾಗಿದ್ದೆ.

ಅಲ್ಲಿ ಗುಂಡಕ್ಕ ಮತ್ತು ಉದ್ದಕ್ಕ ಎಂಬ ಜೋಡಿ. ಇಬ್ಬರೂ ಇಲ್ಲೇ ಕೂತಿದ್ದಾರೆ, ಯಾರು ಯಾರೆಂದು ನಾನು ತೋರಿಸಬೇಕಾಗಿಲ್ಲ. ಒಂದು ದಿನ ಉದ್ದಕ್ಕ ಜ್ವರ ಬಂದು ಮಲಗಿದ್ದರು. ಗುಂಡಕ್ಕ ಬೆಡ್‌ಶೀಟು ಹಿಡಿದು ಒಬ್ಬರೇ ನಿಂತಿದ್ದರು. ಕಿಟಕಿಯ ಬೆಳಕು ಉಗಿಯಲ್ಲಿ ಹಾದು ಅವರ ಮುಖದ ಮೇಲೆ ಬಿದ್ದಿತ್ತು. ಅಂಥ ಬೆಳಕನ್ನು ಬಿಡುವುದುಂಟೇ? ನಾಲಿಗೆ ನನ್ನ ಮಾತು ಕೇಳಲಿಲ್ಲ. “ಅಕ್ಕಾ, ಸ್ವಲ್ಪ ಈ ಕಡೆ ನೋಡಿ. ನಗಿ!” ಎಂದುಬಿಟ್ಟೆ.

ಗುಂಡಕ್ಕ ಸೀದಾ ನನ್ನ ಹತ್ತಿರ ಬಂದರು. “ಯಾಕ್ರೀ ನಗ್ಬೇಕು? ಜೊತೆಗಾರ್ತಿ ಇಲ್ಲ, ಗಾಡಿ ತುಂಬಿ ಬಿದ್ದಿದೆ. ಆ ಕ್ಯಾಮೆರಾನ ಅಲ್ಲೇ ಬಿಟ್ಟು ಬನ್ನಿ, ಹಿಡ್ಕೊಳ್ಳಿ” ಎಂದು ನನ್ನ ಕೈಗೆ ಎರಡು ಮೂಲೆ ಕೊಟ್ಟರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಓಡುತ್ತಲೇ ಇತ್ತು. ಮೈಕು ಗುಂಡಕ್ಕನ ಕೊರಳಿನ ಹತ್ತಿರ ಇತ್ತು. ಮಗಳು ಗೋಡೆಯ ಬಳಿ ಹೆಡ್‌ಫೋನು ಹಾಕಿಕೊಂಡು ನಿಂತಿದ್ದಳು.

ಮೂಲೆಗಳು ಸೇರಿದವು. ಯಾರೂ ಏನೂ ಕೇಳಿರಲಿಲ್ಲ. “ಮದುವೆಮನೇಲಿ ನನ್ನ ಹೆಂಡತಿ ಲೈಟು ಹಿಡೀತಿದ್ಲು” ಎಂದೆ. ದೂರ ಸರಿದೆವು. ಮತ್ತೆ ಸೇರಿದಾಗ, “ಅವಳು ತೀರಿಹೋದ್ಲು” ಎಂದೆ. ಗುಂಡಕ್ಕ ಹ್ಞೂಂ ಎಂದರು. ಮತ್ತೊಂದು ಬೆಡ್‌ಶೀಟು. “ಮಗಳು ಥೇಟ್ ಅವಳ ಹಾಗೇ ಇದ್ದಾಳೆ.” ದೂರ. ಮತ್ತೆ ಮೂಲೆ. “ಅದಕ್ಕೇ ಮಗಳ ಮುಖ ನೋಡೋದನ್ನೇ ಬಿಟ್ಟಿದ್ದೀನಿ ಅಕ್ಕ. ನನ್ನ ಕೈಲಿ ಆಗಲ್ಲ.”

ಇದನ್ನೆಲ್ಲ ಇಲ್ಲಿ ಹೇಳಬೇಕೆಂದಿರಲಿಲ್ಲ. ಹೇಗೂ ಇನ್ನು ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ನೋಡುತ್ತೀರಿ. ಅವತ್ತು ಮಗಳು ಹೆಡ್‌ಫೋನು ತೆಗೆದಳು, ಸುತ್ತಿ ಚೀಲದಲ್ಲಿಟ್ಟಳು.

ಮುಂದೆ ಪರೀಕ್ಷಕರ ವರದಿ ಬಂತು. ‘ಸಂಶೋಧಕಿಯ ತಂದೆ ಚಿತ್ರದೊಳಗೆ ನುಗ್ಗಿದ್ದಾರೆ. ಈ ಭಾಗವನ್ನು ತೆಗೆಯದ ಹೊರತು ಪದವಿಗೆ ಶಿಫಾರಸು ಮಾಡಲಾಗದು.’ ಇಷ್ಟು ವರ್ಷದ ಅವಳ ಶ್ರಮ ನನ್ನ ಒಂದು ‘ನಗಿ’ಗೆ ಬಲಿಯಾಗಬೇಕೇ? “ತೆಗೆದುಹಾಕಮ್ಮ, ಕತ್ತರಿಸೋಕೆ ಒಂದು ಗಳಿಗೆ ಸಾಕು. ಎಷ್ಟು ಮದುವೆಗಳಿಂದ ಎಷ್ಟು ಭಾವಂದಿರನ್ನ ತೆಗೆದುಹಾಕಿಲ್ಲ ನಾನು!” ಎಂದು ಅಂಗಲಾಚಿದೆ. ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಮೂಲೆಮಾತು ಹೆಂಗಸರ ಹರಟೆ ಅಂತಾರೆ. ಅಲ್ಲ, ಅದು ಆ ಕೆಲಸದ ಮಾತು, ಯಾರು ಮೂಲೆ ಹಿಡಿದ್ರೂ ಬಾಯಿ ಬಿಡ್ತಾರೆ ಅಂತ ನಾನು ಬರೆದಿದ್ದೀನಿ. ಅಮ್ಮನ ವಿಷಯಕ್ಕೆ ಬಾಯೇ ಬಿಡದ ನೀವು ಬಿಟ್ರಲ್ಲ ಅಪ್ಪ! ಅದನ್ನ ಕತ್ತರಿಸಿದ್ರೆ ನನ್ನ ಸಂಶೋಧನೆ ಸುಳ್ಳಾಗುತ್ತೆ. ಪದವಿ ಹೋದ್ರೆ ಹೋಗ್ಲಿ.”

ಹೇಳಿ ಸಭಿಕರೇ, ಇಂಥ ಮಗಳು ಎಷ್ಟು ಜನರಿಗೆ ಇದ್ದಾಳೆ?

ಮೌಖಿಕ ಪರೀಕ್ಷೆಗೆ ಅವಳು ಚೀಲದಲ್ಲಿ ಒಂದು ಬೆಡ್‌ಶೀಟು ಒಯ್ದಳು. ನಾನು ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತಿದ್ದೆ. ಒಳಗೆ, “ಸಾರ್, ನೀವೊಮ್ಮೆ ಹಿಡೀರಿ” ಎಂದಳಂತೆ. ಪರೀಕ್ಷಕರು ಹಟವಾದಿಗಳು, ಅವರೇ ನಗುತ್ತಿದ್ದಾರೆ, ನೋಡಿ. ಇವಳ ವಾದ ಬುಡಮೇಲು ಮಾಡಿಯೇ ತೀರುತ್ತೇನೆಂದು ತುಟಿ ಬಿಗಿದು ಹಿಡಿದರಂತೆ. ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ತುಟಿಪಿಟಕ್ ಎನ್ನಲಿಲ್ಲ. ಕೊನೆಗೊಮ್ಮೆ ಮೂಲೆಗಳು ಸೇರಿದಾಗ ಅವರ ಬಾಯಿಂದ ಬಂದೇಬಿಟ್ಟಿತಂತೆ: “ಆಮೇಲಾದರೂ ನಿಮ್ಮ ತಂದೆ ನಿಮ್ಮ ಮುಖ ನೋಡಿದರೇನಮ್ಮ?”

“ಇನ್ನೂ ಇಲ್ಲ ಸಾರ್” ಎಂದಳಂತೆ ನನ್ನ ಮಗಳು.

ಅವರು ಬೆಡ್‌ಶೀಟು ಮೇಜಿನ ಮೇಲಿಟ್ಟು ಶಿಫಾರಸಿಗೆ ಸಹಿ ಹಾಕಿದರು. ಈ ಸಂಗತಿಯನ್ನು ಅವರು ನನಗೆ ಹೇಳಿದ್ದು ಈಗ, ಸಭೆಗೆ ಮುಂಚೆ ಕಾಫಿ ಕುಡಿಯುವಾಗ. ನಾನು ಸಿದ್ಧಮಾಡಿಕೊಂಡು ಬಂದಿದ್ದ ಭಾಷಣ ಆಗಲೇ ಮರೆತುಹೋಯಿತು.

ಲಾಂಡ್ರಿಯ ಅಕ್ಕಂದಿರಿಗೆ, ವಿಶೇಷವಾಗಿ ಗುಂಡಕ್ಕನಿಗೆ, ನಾನು ಋಣಿ. ಪರೀಕ್ಷಕರಿಗೆ, ವಿಭಾಗಕ್ಕೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ನನ್ನ ಮಗಳು ಇದೇ ವೇದಿಕೆಯ ಎಡತುದಿಯ ಕುರ್ಚಿಯಲ್ಲಿ ಕೂತಿದ್ದಾಳೆ. ಇಷ್ಟು ಹೊತ್ತೂ ನಾನು ಆ ಕಡೆ ತಿರುಗದೆ ಮಾತಾಡಿದ್ದೇನೆ. ಈಗ ತಿರುಗುತ್ತೇನೆ. ಒಂದು ನಿಮಿಷ ಕೊಡಿ.

ಹುಬ್ಬು ಅವಳಮ್ಮನದು, ನಿಜ. ಗಲ್ಲ ನನ್ನದು. ಹಣೆಯ ಮೇಲೆ ಒಂದು ಗೆರೆ ಬಂದಿದೆ. ಯಾವಾಗ ಬಂತೋ ನನಗೆ ಗೊತ್ತಿಲ್ಲ. ಅಳಬೇಡಮ್ಮ, ನೋಡ್ತಾ ಇದ್ದೀನಿ.

ಇವಳು ನನ್ನ ಮಗಳು, ಸಭಿಕರೇ. ನಮಸ್ಕಾರ.