ದೇವಯ್ಯನ ಅರ್ಧ ಖಾಲಿ ವ್ಯಾಗನ್ನು

ನಮ್ಮ ದೇವಯ್ಯನ ಮಡದಿ ಪಾರ್ವತಮ್ಮನವರೇ, ಮಗ ಶಂಕರ್, ನಾಗಮಂಗಲದಿಂದ, ಅರಕೆರೆಯಿಂದ ಬಸ್ಸು ಹಿಡಿದು ಬಂದಿರುವ ರೈಲ್ವೆ ಗೆಳೆಯರೇ, ಕಲ್ಲಿದ್ದಲು ಹೊತ್ತ ತಾಯಂದಿರೇ — ಎಲ್ಲರಿಗೂ ನಮಸ್ಕಾರ.

ನಾನು ಡ್ರೈವರ್; ದೇವಯ್ಯ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತಾ ನನ್ನ ಜೊತೆ ಬೆಂದ ಫೈರ್‌ಮನ್. ಅವನನ್ನು ಹೊಗಳಿ ಕೂರಲು ನಾನು ಬಂದಿಲ್ಲ. ನನಗೊಂದು ಅನುಮಾನವಿದೆ. ಅದನ್ನು ಅವನ ಫೋಟೋದ ಮುಂದೆಯೇ ಹೇಳುತ್ತೇನೆ.

ಮೇಜಿನ ಮೇಲೆ ನೋಡಿ. ಬ್ರಾಡ್‌ಗೇಜ್ ಬಂದು ನಮ್ಮ ಹೊಗೆ ಎಂಜಿನ್ನು ಗುಜರಿಗೆ ಹೋದ ಮೇಲೆ ದೇವಯ್ಯ ಕೈಯಾರೆ ಮಾಡಿದ ರೈಲು. ಕೊಡೆ ಕಡ್ಡಿಯ ಹಳಿ, ಟೇಪ್‌ರೆಕಾರ್ಡರ್ ಮೋಟಾರಿನ ಎಂಜಿನ್ನು. ಗಿರಣಿಗೆ ಹೋಗುತ್ತಿದ್ದ, ಈಗ ಕಿತ್ತುಹಾಕಿರುವ ನಮ್ಮ ಕಲ್ಲಿದ್ದಲು ಲೈನೇ ಇದು — ಹುಣಸೆಮರದ ತಿರುವಿನ ಸಮೇತ. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು ತುಂಬುತ್ತಿದ್ದ. ಕೊನೆಯ ವ್ಯಾಗನ್ನು ಮಾತ್ರ ಯಾವಾಗಲೂ ಅರ್ಧ ಖಾಲಿ.

ಯಾಕ್ಲಾ ಅಂತ ಕೇಳಿದೆ. "ಆ ಲೈನ್ನಾಗೆ ಅದು ತುಂಬಿ ಓಗಿದ್ದ ಯಾವತ್ತಾರ ಕಂಡಿದ್ಯೇನ್ಲಾ?" ಅಂದ.

ಕಂಡಿರಲಿಲ್ಲ. ಗಿರಣಿ ಮುಟ್ಟುವಷ್ಟರಲ್ಲಿ ಸರಕು ಕಮ್ಮಿ. ಕಳ್ಳಿ ಅನ್ನಿಸಿಕೊಂಡವಳು ಯಾರು? ಅರಕೆರೆಯ ಮಾಯಮ್ಮ. ಹಳಿ ಪಕ್ಕ ಬಿದ್ದ ಚೂರು ಆಯ್ದು ಸೆರಗಿಗೆ ಕಟ್ಟಿಕೊಂಡಳೆಂದು ಕೂಲಿಯಿಂದ ತೆಗೆದರು. ಸೆರಗಿನಲ್ಲಿ ಅರ್ಧ ವ್ಯಾಗನ್ನು ಹಿಡಿಸುತ್ತದೆಯೇ, ನೀವೇ ಹೇಳಿ. ಆಗ ದೇವಯ್ಯ ಬಾಯಿ ಬಿಡಲಿಲ್ಲ. ಹೆದರಿದ್ದ. ಬಾಯಿಗೆ ಬದಲಾಗಿ ಈ ರೈಲು ಮಾಡಿದ. ಸಂಘದ ಸಭೆಯಲ್ಲಿ ಇದನ್ನು ಓಡಿಸಿ ಮಾಯಮ್ಮನ ಮೇಲಿನ ಮಸಿ ತೊಳೆಯುತ್ತೇನೆ ಎಂದಿದ್ದ. ಎದೆನೋವು ಬಿಡಲಿಲ್ಲ.

ನಿನ್ನೆ ಅವನ ಮನೆಗೆ ಹೋದರೆ — ಕೊನೆಯ ವ್ಯಾಗನ್ನು ತುಂಬಿ ತುಳುಕುತ್ತಿದೆ! ಕೇಳಿದ್ದಕ್ಕೆ ಪಾರ್ವತಮ್ಮ ಅಂದರು: "ದೇವರಾಜಣ್ಣ ಕಣಪ್ಪಾ. ಸಾವಿನ ಮನೇಲಿ ಏನೂ ಬರಿದಾಗಿರಬಾರ್ದು ಅಂದ್ಬುಟ್ಟು ಅವ್ರೇ ತುಂಬುದ್ರು."

ದೇವರಾಜು, ಅಂದಿನ ಕಲ್ಲಿದ್ದಲು ಗುತ್ತಿಗೆದಾರರು. ಮುಂದಿನ ಸಾಲಿನಲ್ಲೇ ಇದ್ದಾರೆ. ಆ ದೊಡ್ಡ ಹಾರವೂ ಅವರದೇ. ಶಾಸ್ತ್ರ ಒಳ್ಳೆಯದು ಸ್ವಾಮಿ. ಆದರೆ ಅದೇ ಮನೆಯಲ್ಲಿ ರಾಗಿ ಡಬ್ಬವೂ ಬರಿದಾಗಿತ್ತು — ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಈ ಲೋಟದ ನೀರು ನೋಡಿ. ಆ ವ್ಯಾಗನ್ನಿನ ಚೂರು ಹಾಕುತ್ತೇನೆ — ತೇಲಿತು. ಇದು ಇದ್ದಿಲು, ಧೂಪಕ್ಕೆ ತಂದದ್ದು. ಕೈಗೆ ಸಿಕ್ಕಿದ್ದನ್ನು ತುಂಬಿದ್ದೀರಿ. ಅವಸರದಲ್ಲಿ ಮರೆತದ್ದು ಇದು: ಹುಣಸೆಮರದ ಹಿಂದೆ ದೇವಯ್ಯ ನಿಲ್ಲಿಸಿರುವ ಪುಟ್ಟ ಎತ್ತಿನ ಗಾಡಿ. ಇದರೊಳಗಿನ ಚೂರು — ಮುಳುಗಿತು. ಕಲ್ಲಿದ್ದಲು! ಗಾಡಿಯ ಮುಂದಿನ ಮೂಕಿ ಮರಕ್ಕೆ ಬಳಿದ ಈ ಹಸಿರು ಬಣ್ಣ ಯಾರ ಗಾಡಿಯದು, ಇಲ್ಲಿರುವವರಿಗೆಲ್ಲ ಗೊತ್ತು.

ಆ ತಿರುವಿನಲ್ಲಿ ಅರ್ಧ ವ್ಯಾಗನ್ನು ಇಳಿದದ್ದು ದೇವರಾಜು ಅವರ ಗಾಡಿಗೇ ಎಂಬ ನನ್ನ ಅನುಮಾನ ತಪ್ಪಾದರೆ ಅವರೇ ಎದ್ದು ಹೇಳಲಿ.

— ಕಾಯುತ್ತಿದ್ದೇನೆ.

ಸರಿ. ಇಗೋ, ಇದ್ದಿಲನ್ನು ಸುರಿದೆ. ವ್ಯಾಗನ್ನು ಮತ್ತೆ ದೇವಯ್ಯ ಬಿಟ್ಟುಹೋದ ಹಾಗೇ ಆಯಿತು. ಮಾಯಮ್ಮ, ಮುಂದಕ್ಕೆ ಬಾರವ್ವ, ಸ್ವಿಚ್ಚು ನೀನೇ ಒತ್ತು. ಈ ರೈಲು ಹುಣಸೆಮರ ದಾಟಿ ಗಿರಣಿ ಮುಟ್ಟುವವರೆಗೆ ಎಲ್ಲರೂ ಎದ್ದು ನಿಲ್ಲೋಣ, ಮಾತಿಲ್ಲದೆ. ಅಂದು ದೇವಯ್ಯ ಆಡದೆ ಉಳಿಸಿದ ಮಾತು, ಇಂದಾದರೂ ಕೇಳಿಸಲಿ.