ಕಾವಲುಗಾರನ ನಡುಕ

ಓಡಿಸಲಿಲ್ಲ ಕಣೇ. ನಾನೇ ಬಂದೆ. ಆರು ವಾರ ಅಂತ ಕರೆಸಿದ್ರು, ನಾಲ್ಕಕ್ಕೇ ಸಾಕಾಯ್ತು. ಪೆಟ್ಟಿಗೆ ಅಲ್ಲಿಡು. ನಿಲ್ಲಿಸಬೇಡ, ಮಲಗಿಸು. ಗೊಂಬೆಗಳ ಕತ್ತು ಉಳುಕುತ್ತೆ.

ಆ ಸುರುಳಿ ಬಿಚ್ಚಬೇಡ... ಬಿಚ್ಚಿದೆ. ನಿನ್ನ ಕೈ ಸುಮ್ನಿರಲ್ಲ. ಹೂಂ, ಅಪ್ಪಂದೇ ಫೋಟೋ. ನನ್ನ ಜೇಬಲ್ಲಿದ್ದದ್ದನ್ನೇ ತಗೊಂಡು ದೊಡ್ಡದು ಮಾಡಿ ಪೋಸ್ಟರು ಹಾಕಿದಾರೆ. ಬರೋ ಶುಕ್ರವಾರ ಅಲ್ಲಿ ಓದೋ ಮಕ್ಕಳು ಗೊಂಬೆಯಾಟ ಆಡಿಸ್ತಾರೆ, ಅಪ್ಪನ ಪದ್ಧತಿ ಅಂತ ಹೇಳ್ಕೊಂಡು. ಅದನ್ನ ನೋಡೋಕಾಗದೆ ಬಂದೆ.

ಯಾಕೆ ನಗ್ತೀಯ? ನೀನೇ ತಾನೆ ಕಳಿಸಿದ್ದು. ವಿಶ್ವವಿದ್ಯಾಲಯದೋರು ಗೊಂಬೆ ಆಡಿಸೋನನ್ನ ಕರೀತಾರೆ ಅಂದ್ರೆ ಸುಮ್ನೇನಾ ಅಣ್ಣ, ಅಂದೆ. ಮೊದಲ ದಿನವೇ ಕುತ್ತಿಗೆಗೆ ಒಂದು ಕಾರ್ಡು ನೇತುಹಾಕಿದ್ರು. 'ಅತಿಥಿ ಕಲಾವಿದ'. ದನಕ್ಕೆ ಗಂಟೆ ಕಟ್ಟಿದ ಹಾಗೆ. ಗೇಟಿನೋನು ನಾಲ್ಕು ವಾರ ಕಾರ್ಡು ನೋಡಿದ, ಮುಖ ನೋಡಲಿಲ್ಲ.

ತಾಲೀಮಿನ ಕೋಣೆ ನೋಡ್ಬೇಕಿತ್ತು ನೀನು. ಕರೀ ನೆಲ. ಒಂದು ಗೋಡೆ ಪೂರ್ತಿ ಕನ್ನಡಿ. ಒಳಗೆ ಹೋದ್ರೆ ಇಪ್ಪತ್ತೆರಡು ಮಕ್ಕಳು ನೆಲದ ಮೇಲೆ ಅಂಗಾತ ಬಿದ್ದಿದಾರೆ, ಕಣ್ಣು ಮುಚ್ಚಿ. ಏನೋ ಆಗಬಾರದ್ದು ಆಗಿದೆ ಅಂತ ಕೂಗೋಕೆ ಹೋದೆ. ಮೇಡಂ ಬಾಯಿ ಮೇಲೆ ಬೆರಳಿಟ್ಕೊಂಡು, ಉಸಿರು ಗಮನಿಸ್ತಿದಾರೆ ಸರ್, ಅಂದ್ರು. ನಾಟಕ ವಿಭಾಗದ ಮುಖ್ಯಸ್ಥೆ ಅವರೇ. ಅರ್ಧ ಗಂಟೆ ಉಸಿರು. ಆಮೇಲೆ ಎದ್ದು ಸುತ್ತ ಕೂತು, ಯಾರ ಉಸಿರು ಹೇಗಿತ್ತು ಅಂತ ಒಬ್ಬೊಬ್ರೂ ಹೇಳಿದ್ರು. ಒಬ್ಬಳು ಅತ್ತಳು. ಉಸಿರಾಡಿದ್ದಕ್ಕೆ.

ನೀನು ನಗು. ನಾನು ಅಲ್ಲಿ ಕೂತಿದ್ದೆ.

ಗೊಂಬೆಯ ಸೂತ್ರ ಕಟ್ಟಿದ ಹಿಡಿ ಅವರ ಕೈಗೆ ಕೊಟ್ಟೆ. ಒಂದು ವಾರ ಗೊಂಬೆ ಬರೀ ನಿಲ್ಲಬೇಕು, ಕಾಲು ನೆಲ ಮುಟ್ಟಿರಬೇಕು, ಭಾರ ನಿಮ್ಮ ಮೊಣಕೈಲಿರಬೇಕು, ಅಂದೆ. ಅಪ್ಪ ನನಗೆ ನಾಲ್ಕು ತಿಂಗಳು ಮಾಡಿಸಿದ್ದ. ಎರಡನೇ ದಿನವೇ ಒಬ್ಬ ಕೇಳಿದ, ಸರ್, ನಿಲ್ಲೋದರ ಅರ್ಥ ಏನು ಅಂತ. ಬಸ್ ಸ್ಟಾಪಲ್ಲಿ ನಿಂತಿರೋನನ್ನ ಕೇಳು, ಅಂದೆ. ಬರ್ಕೊಂಡ. ಬೈದ್ರೆ ಬರ್ಕೊಳ್ತಾರೆ, ಕೆಮ್ಮಿದ್ರೆ ಬರ್ಕೊಳ್ತಾರೆ. ಹೇಸಿಗೆ.

ಅದಕ್ಕೇ ಪೆಟ್ಟಿಗೆಯಿಂದ ಕಾವಲುಗಾರನ ಗೊಂಬೆ ತೆಗೆದೆ. ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ, ಕಣ್ಣಲ್ಲಿ ನೋಡ್ಲಿ ಅಂತ. ರಾಜನ ಬಾಗಿಲಲ್ಲಿ ಒಂದು ಅಂಕ ಪೂರ್ತಿ ನಿಲ್ಲೋನು. ಸುತ್ತ ಎಲ್ಲರೂ ಕುಣೀತಾರೆ, ಅವನು ಮಿಸುಕಲ್ಲ. ಕುಣಿಸೋದು ಯಾರ ಕೈಲಾದ್ರೂ ಆಗುತ್ತೆ, ನಿಲ್ಲಿಸೋನು ಬೇಕು ಅಂತಿದ್ದ ಅಪ್ಪ. ನಿಲ್ಲಿಸಿದೆ. ಆಗ ಮೇಡಂ ಮೆಲ್ಲಗೆ ಅಂತಾರೆ... ನೋಡಿ, ನೋಡಿ, ನಡುಗ್ತಿದಾನೆ. ಕಾವಲು ಕಾಯೋನ ಒಳಗಿನ ಭಯ ನೋಡಿ. ಮೇಡಂ ಕಣ್ಣಲ್ಲಿ ನೀರು ಬೇರೆ. ಮಕ್ಕಳು ಗೀಚಿದ್ದೇ ಗೀಚಿದ್ದು.

ಏನು? ಗೊಂಬೆ ಯಾಕೆ ನಡುಗ್ತು ಅಂತಾನಾ?

ಎಸಿ ಕಣೇ. ಅಲ್ಲಿ ಎಸಿ ಇತ್ತು. ನೆತ್ತಿ ಮೇಲೇ ಬೀಸ್ತಿತ್ತು, ಸೂತ್ರ ಅಲ್ಲಾಡ್ತು. ಅದೇನು ಹಾಗೆ ನೋಡ್ತೀಯ. ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ... ಅದನ್ನ ತಾನೆ ಅನ್ಬೇಕು ಅಂತಿರೋದು? ಅನ್ನು.

ಮಾರನೇ ದಿನ ಹೋದ್ರೆ ಇಪ್ಪತ್ತೆರಡು ಗೊಂಬೆ, ಇಪ್ಪತ್ತೆರಡೂ ಗಡಗಡ. ನೆಂದ ಕೋಳಿಗಳ ಹಾಗೆ. ಕನ್ನಡಿ ಇತ್ತಲ್ಲ, ಅದರಲ್ಲಿ ಇನ್ನೊಂದು ಇಪ್ಪತ್ತೆರಡು. ಒಬ್ಬನಿಗೆ ಸರಿಯಾಗಿ ಬರ್ತಿರಲಿಲ್ಲ. ಪುಣ್ಯಾತ್ಮ, ಅವನ ಗೊಂಬೆ ನೆಟ್ಟಗೆ ನಿಂತಿತ್ತು. ಮೇಡಂ ಹೋಗಿ ಅವನ ಮಣಿಕಟ್ಟು ಹಿಡಿದು, ಇನ್ನೂ ಸಣ್ಣದಾಗಿ, ಬಿಟ್ಟು ಬಿಟ್ಟು, ಸರ್ ಮಾಡ್ತಾರಲ್ಲ ಹಾಗೆ, ಅಂತ ತಿದ್ದಿದ್ರು. ತಿದ್ದಿ ಕೆಡಿಸಿದ್ರು. ಹೊರಗೆ ಹೋಗಿ ನಲ್ಲಿ ಹತ್ತಿರ ನಿಂತೆ.

ತಡೀಬೇಕಿತ್ತು. ಗೊತ್ತು. ತಡೆಯೋಕೆ ಅಂತಲೇ ಒಳಗೆ ಬಂದೆ. ಅಷ್ಟರಲ್ಲಿ ಮೇಡಂ ಕಾಗದ ಪೆನ್ನು ಹಿಡ್ಕೊಂಡು ಬಂದ್ರು. ಸರ್, ಈ ನಡುಕ ನಿಮ್ಮ ಮನೆತನದ್ದಾ ಅಂತ ಕೇಳಿದ್ರು. ಎಲ್ಲ ಮಕ್ಕಳೂ ನನ್ನ ಬಾಯನ್ನೇ ನೋಡ್ತಿದ್ರು.

ನಮ್ಮಪ್ಪಂದು, ಅಂದೆ.

ಬಂದುಬಿಡ್ತು ಬಾಯಿಗೆ. ಏನು ಮಾಡ್ಲಿ? ಗೊಂಬೆ ಮಿಸುಕಿದ್ರೆ ಬೆತ್ತದಲ್ಲಿ ಬೆರಳಿಗೆ ಹೊಡೀತಿದ್ದ ಅಪ್ಪ. ಅವನ ಹೆಸರಲ್ಲಿ ಅವರೀಗ ನಡುಗೋದನ್ನ ಕಲೀತಿದಾರೆ. ಪುಸ್ತಕದಲ್ಲೂ ಹಾಕ್ತಾರಂತೆ. ದಿನಾ ಬೆಳಗ್ಗೆ ಆ ಗಡಗಡ ನೋಡ್ಬೇಕು, ಮಧ್ಯಾಹ್ನ ಕ್ಯಾಂಟೀನಲ್ಲಿ ಅವರು ನಮಸ್ಕಾರ ಹೇಳಿದ್ರೆ ತಲೆ ಆಡಿಸ್ಬೇಕು. ಎರಡು ವಾರ ಸಹಿಸಿದೆ. ಇವತ್ತು ಬೆಳಗ್ಗೆ ಆ ಪೋಸ್ಟರು ಗೋಡೆ ಮೇಲಿತ್ತು. ಕಿತ್ತು ಸುತ್ಕೊಂಡು ಬಸ್ ಹತ್ತಿದೆ.

ಎಲ್ಲ ಅವರದ್ದೇ ತಪ್ಪು. ಓದಿದೋರು. ಕಣ್ಣಿಗೆ ಕಂಡಿದ್ದಕ್ಕೆಲ್ಲ ಒಂದು ಅರ್ಥ ಮೆತ್ತಬೇಕು.

ಅಲ್ವಾ?

ಏನಾದ್ರೂ ಅನ್ನು. ಮೂವತ್ತು ವರ್ಷದಿಂದ ನಮ್ಮ ಎಲ್ಲ ಗೊಂಬೆಗೂ ಬಾಯಿ ನೀನೇ. ರಾಣಿ ಜಗಳ ನೀನೇ, ಕತ್ತೆ ಕೂಗೂ ನೀನೇ. ಪರದೆ ಹಿಂದೆ ನನ್ನ ಪಕ್ಕ ನಿಂತು ಒಂದು ಗಳಿಗೆ ಬಾಯಿ ಮುಚ್ಚಿದೋಳಲ್ಲ. ಈಗ ಬಾಯಿಗೆ ಬೀಗ ಯಾಕೆ?

ಎಸಿ ಅಂದ್ನಲ್ಲ.

ನನ್ನ ಕೈ ನೋಡಬೇಡ. ಪ್ರಯಾಣದ ಆಯಾಸ. ಮುಖ ನೋಡಿ ಮಾತಾಡು.

...ತಡಿ. ಕಾವಲುಗಾರನಿಗೆ ಮಾತೇ ಇರಲಿಲ್ಲ. ಅಪ್ಪನ ಕಾಲದಲ್ಲಿ ಒಂದಕ್ಷರ ಇಲ್ಲ. ಹೋದ ವರ್ಷ ನೀನಾಗಿ ಸೇರಿಸಿದೆ. 'ಅಯ್ಯೋ ದೇವರೇ, ಏನು ಚಳೀನಪ್ಪಾ, ರಾಜ ಒಂದು ಕಂಬಳಿ ಕೊಡಬಾರದಾ' ಅಂತ. ಜನ ಬಿದ್ದು ಬಿದ್ದು ನಕ್ಕರು. ಆಟ ಮುಗಿದ ಮೇಲೆ ನಾನು ನಿನಗೆ ಬೈದೆ, ಅಪ್ಪನ ಆಟ ಕೆಡಿಸ್ತೀಯಾ ಅಂತ. ನೀನು ಬೈಸ್ಕೊಂಡೆ. ಮುಂದಿನ ಆಟದಲ್ಲೂ ಅದನ್ನೇ ಅಂದೆ. ಅದರ ಮುಂದಿನದ್ರಲ್ಲೂ.

ನನ್ನ ಕೈ ವಿಷಯ ಆಗಲೇ ಗೊತ್ತಿತ್ತಾ ನಿನಗೆ?

ಹೂಂ ಅಂತೀಯ.

ನನ್ನನ್ನ ಅಲ್ಲಿಗೆ ಕಳಿಸಿದ್ದೂ ಅದಕ್ಕೇನಾ? ಆಡಿಸೋದು ಬಿಟ್ಟು ಕಲಿಸ್ಕೊಂಡಾದ್ರೂ ಇರ್ಲಿ ಅಂತ?

ಅಳಬೇಡ. ನೀನು ಅತ್ರೆ ನನಗಾಗಲ್ಲ.

ಬಲಗೈ. ಒಂದು ವರ್ಷದ ಮೇಲಾಯ್ತು. ಮೊದಲು ಹೆಬ್ಬೆರಳು ಒಂದೇ ನಡುಗ್ತಿತ್ತು.

ಫೋನು ಯಾಕೆ ಕೊಡ್ತೀಯ? ನೀನೇ ಮಾತಾಡು, ಮಾತು ನಿನ್ನ ಕೆಲಸ. ನಾನು ಕೈ ಮಾತ್ರ... ಸರಿ. ಸರಿ, ಕೊಡು. ನಂಬರು ನೀನೇ ಒತ್ತು.

ಮೇಡಂ, ನಾನು. ಗೊಂಬೆಯವನು. ಹೌದು, ಹೇಳದೆ ಬಂದೆ, ತಪ್ಪಾಯ್ತು. ಮಕ್ಕಳು ತಾಲೀಮಲ್ಲಿದಾರಾ? ನಿಲ್ಲಿಸೋಕೆ ಹೇಳಿ. ಅಪ್ಪನ ಫೋಟೋ ತೆಗೀರಿ. ಅವನು ಒಂದು ದಿನಾನೂ ಗೊಂಬೆ ನಡುಗಿಸಿದೋನಲ್ಲ. ನನ್ನ ಕೈ ನಡುಗುತ್ತೆ.

ಇಲ್ಲ ಮೇಡಂ. ಅಭ್ಯಾಸ ಮಾಡಿ ಬಂದಿದ್ದಲ್ಲ. ಹಾಗೇ ನಡುಗುತ್ತೆ.