ಮುಸಫ್ಫಾದ ಮೇಯರರ ಬೀಗದ ಕೈ

ಎಲ್ಲರಿಗೂ ನಮಸ್ಕಾರ, ಸಲಾಂ. ದುಬೈಯಿಂದ ಬಂದಿರುವ ನಮ್ಮ ಮೇಯರರ ಮಗಳು ಸ್ಟೇಸಿ, ಆಕೆಯ ಕೈಯ ಫೋನಿನಲ್ಲಿ ಊರಿನಿಂದಲೇ ನಮ್ಮನ್ನು ನೋಡುತ್ತಿರುವ ಆಕೆಯ ಅಮ್ಮ ಒಲಿಂಡಾ ಬಾಯಮ್ಮ, ಮುಸಫ್ಫಾ ಲೇಬರ್ ಕ್ಯಾಂಪಿನ ನನ್ನ ಅಣ್ಣತಮ್ಮಂದಿರೇ — ನಾನು ಸ್ಟೋರಿನ ಮಮ್ಮು. ನನಗೆ ಭಾಷಣ ಬರುವುದಿಲ್ಲ. ಆದರೆ ಇವತ್ತು ಮಾತಾಡದಿದ್ದರೆ ನನಗೆ ನಿದ್ದೆ ಇಲ್ಲ.

ದಿವಂಗತ ಲಿಯೊನೆಲ್ ಅವರು ಕಾರ್ಕಳ ಕೋರ್ಟಿನಲ್ಲಿ ಹನ್ನೊಂದು ವರ್ಷ ವಕೀಲರಾಗಿದ್ದವರು. ಸುಳ್ಳು ಸಾಕ್ಷಿ ಹೇಳಿಸಲು ಒಪ್ಪದೆ, ಕಕ್ಷಿದಾರರನ್ನೆಲ್ಲ ಕಳೆದುಕೊಂಡು, ಇಲ್ಲಿಗೆ ಕಂಪನಿಯ ಗುಮಾಸ್ತರಾಗಿ ಬಂದರು. ನಮ್ಮ ಇನ್ನೂರು ಜನರ ಕ್ಯಾಂಪಿನಲ್ಲಿ ವರ್ಷಕ್ಕೊಮ್ಮೆ ಮೆಸ್ಸಿನಲ್ಲಿ ಕೈ ಎತ್ತಿ ಒಬ್ಬ ಮುಖಂಡನನ್ನು ಆರಿಸುತ್ತೇವಲ್ಲ — ಏಳು ವರ್ಷ ಅವರೇ, ಬೇರೆ ಯಾರೂ ಇಲ್ಲ. ತಮಾಷೆಗೆ ಮೇಯರ್ ಎಂದೆವು, ಹೆಸರು ನಿಂತುಬಿಟ್ಟಿತು. ನನಗೆ ಮಾತ್ರ ಅವರು ಊರಿನ ರೂಢಿಯಂತೆ 'ಪೊರ್ಬುಗಳು', ಅವರಿಗೆ ನಾನು 'ಬ್ಯಾರಿ'. ಯಾರಾದರೂ ದೂರು ಬರೆಸಲು ಹೋದರೆ ಪೆನ್ನನ್ನು ಹೀಗೆ ಕಿವಿಗೆ ಸಿಕ್ಕಿಸಿಕೊಂಡು, "ಮೊದಲು ನಿನ್ನ ತಪ್ಪು ಹೇಳು ಮಾರಾಯ, ಅವನದ್ದು ಆಮೇಲೆ" ಎನ್ನುತ್ತಿದ್ದರು. ನಗುತ್ತಿದ್ದೀರಿ — ಎಲ್ಲರೂ ಹೇಳಿದವರೇ ಅಲ್ಲವಾ!

ಎರಡು ವರ್ಷದ ಹಿಂದೆ, ವಯರ್ ತಡೆಯುವುದಿಲ್ಲ ಎಂದು, ರೂಮುಗಳ ಕರೆಂಟ್ ಒಲೆಗಳನ್ನೆಲ್ಲ ತೆಗೆಸಿ ಕಪಾಟಿಗೆ ಹಾಕಿ ಬೀಗ ಜಡಿದರು. ಮೆಸ್ಸಿನ ನೀರು ಸಾರು ಉಂಡು ಉಂಡು ನಮಗೆ ರೋಸಿಹೋಗಿತ್ತು. ಈ ಸಲ ನಾನು ಅವರ ಎದುರು ನಿಂತೆ. "ನನ್ನನ್ನು ಗೆಲ್ಲಿಸಿ, ರೂಮಲ್ಲೇ ಬಂಗುಡೆ ಮೀನಿನ ಗಸಿ ಮಾಡಿ" ಎಂದೆ. ಗೆದ್ದೆ. ಮೇಯರರು ಸಿಟ್ಟು ಮಾಡಲಿಲ್ಲ. ಬೀಗದ ಕೈಯನ್ನು ನನ್ನ ಅಂಗೈಗಿಟ್ಟು, "ಬ್ಯಾರಿ, ಕುರ್ಚಿ ನಿನಗೇ ಇರ್ಲಿ. ಕಪಾಟು ಮಾತ್ರ ತೆಗೀಬೇಡ" ಎಂದರು. ಅದೇ ಸಂಜೆ ತೆಗೆದು ಒಲೆ ಹಂಚಿದೆ.

ಹತ್ತೊಂಬತ್ತನೇ ದಿನ, ಮಧ್ಯಾಹ್ನ ಊಟದ ಹೊತ್ತಿಗೆ — ಒಲೆಯ ವಯರ್ ಸುಟ್ಟು ಬೆಂಕಿ. ನಾವು ಹೊರಗೆ ಓಡಿದೆವು. ಅವರು ಆಫೀಸಿನಿಂದ ಓಡಿ ಬಂದು ಒಬ್ಬೊಬ್ಬರ ಹೆಸರು ಕೂಗಿದರು. ಶೀನಪ್ಪ ಇಲ್ಲ. ರಾತ್ರಿ ಪಾಳಿ ಮುಗಿಸಿ ಒಳಗೇ ಮಲಗಿದ್ದ. "ಬೇಡ ಪೊರ್ಬುಗಳೇ, ಬೇಡ!" ಎಂದು ನಾನು ಅವರ ಅಂಗಿ ಹಿಡಿದೆ — ಹೀಗೆ. ಬಿಡಿಸಿಕೊಂಡು ನುಗ್ಗಿದರು. ಶೀನಪ್ಪ ಇಗೋ, ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಅವನನ್ನು ಹೊರಗೆ ತಂದವರು, ಎದೆಯೊಳಗೆ ಹೊಗೆ ತುಂಬಿಕೊಂಡು ಆಸ್ಪತ್ರೆಯಲ್ಲಿ ಆರು ದಿನ ಉಸಿರಿಗೆ ಒದ್ದಾಡಿ ಹೋಗಿಬಿಟ್ಟರು.

ಈಗ ಕಂಪನಿಯ ವರದಿ ಬಂದಿದೆ. ಸ್ಟೇಸಿ, ನೀನೂ ಓದಿದ್ದಿ. ಕಪಾಟು ಲಿಯೊನೆಲ್ ವಶದಲ್ಲಿತ್ತು, ಒಲೆ ಹಂಚಿದ್ದು ಅವರೇ ಎಂದು ಬರೆದಿದ್ದಾರೆ. ಬೀಗದ ಕೈ ನನಗೆ ಬಂದದ್ದು ಕಂಪನಿಗೆ ಗೊತ್ತಿಲ್ಲ. ವಿಚಾರಣೆಯಲ್ಲಿ ಕಪಾಟು ತೆಗೆದವರು ಯಾರೆಂದು ನನ್ನನ್ನೂ ಕೇಳಿದರು. "ಗೊತ್ತಿಲ್ಲ" ಎಂದೆ. ಕೆಲಸ ಖಲಾಸ್, ವೀಸಾ ಖಲಾಸ್ ಎಂದು ಹೆದರಿದೆ. ಸುಳ್ಳು ಸಾಕ್ಷಿ ಬೇಡವೆಂದು ಕೋರ್ಟನ್ನೇ ಬಿಟ್ಟವರ ಮೇಲೆ — ನಾನು ಸುಳ್ಳು ಸಾಕ್ಷಿ ಹೇಳಿದೆ.

ಒಲಿಂಡಾ ಬಾಯಮ್ಮ, ಮೊದಲು ನನ್ನ ತಪ್ಪು ಹೇಳುತ್ತಿದ್ದೇನೆ. ಕಪಾಟು ತೆಗೆದವನು ನಾನು. ಬೀಗದ ಕೈ ಇಗೋ — ಅವರ ಫೋಟೋದ ಮುಂದೆ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಇದನ್ನೇ ಮ್ಯಾನೇಜರರಿಗೆ ಬರೆದುಕೊಡುತ್ತೇನೆ. ಆಮೇಲೆ ಏನಾಗುತ್ತದೋ ಆಗಲಿ. ನಿಮ್ಮ ಹತ್ತಿರ ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಅಣ್ಣಂದಿರೇ, ಅಂದು ಬಂಗುಡೆ ಗಸಿಗೆ ಕೈ ಎತ್ತಿದವರೆಲ್ಲ ಇವತ್ತು ಮೇಯರರಿಗಾಗಿ ಎದ್ದು ನಿಲ್ಲಿ. ಎರಡು ನಿಮಿಷ ಯಾರೂ ಒಂದು ಮಾತೂ ಆಡಬೇಡಿ.

ಸ್ಟೇಸಿ — ನೀನು ಕೂತೇ ಇರು ಮಗಳೇ. ನಿಲ್ಲಬೇಕಾದವರು ನಾವು.